ಹೊಸ ಪ್ಯಾಡ್, ಹೊಸ ಡಿಸ್ಕ್ ಹಾಕಿಸಿದ ಮೇಲೂ ಬ್ರೇಕ್ ಕಿರ್ರ್ ಅಂತಿದೆ: ನಂದಿ ಇಳಿದ ಮೇಲೆ ಶುರುವಾಗಿದ್ದು

ಶಿಡ್ಲಘಟ್ಟ ರೋಡ್ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 64,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಎರಡು ವಾರದ ಹಿಂದೆ ಮುಂದಿನ ಎರಡೂ ಡಿಸ್ಕು (ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ), ಅದನ್ನ ಒತ್ತಿ ಹಿಡಿಯೋ ಪ್ಯಾಡು ಹೊಸದು ಹಾಕಿಸಿದೆ. ಕೆಲಸ ಮುಗಿಸಿ ಕೀ ಕೊಡೋವಾಗ "ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅಂದರು, ಅಷ್ಟೇ.

ಮೂರನೇ ದಿನ ಭಾನುವಾರ. ಅಪ್ಪ, ಅಮ್ಮ, ಅಕ್ಕ, ಅಕ್ಕನ ಮಗು ಎಲ್ಲರನ್ನೂ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋದೆ. ಇಳಿಯೋವಾಗ ಮೂರನೇ ಗೇರು, ಕಾಲು ಪೂರ್ತಿ ದಾರಿ ಬ್ರೇಕ್ ಮೇಲೇ. ಕೆಳಗೆ ಬಂದ್ರೆ ಗಾಡಿಗಳ ಸಾಲು. ಇಳಿಜಾರಲ್ಲಿ ಬ್ರೇಕ್ ಒತ್ತಿಕೊಂಡೇ ಹತ್ತು ನಿಮಿಷ ನಿಂತೆ. ಸುಟ್ಟ ವಾಸನೆ ಬಂತು, ಮುಂದಿನ ಲಾರಿದು ಅಂದುಕೊಂಡೆ.

ಮಾರನೇ ದಿನದಿಂದ 15–20 ಸ್ಪೀಡಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಕಿರ್ರ್‌ರ್ ಅಂತ ಕಿವಿ ಸೀಳೋ ಶಬ್ದ. ಅಕ್ಕನ ಮಗೂನ ಸ್ಕೂಲ್ ಗೇಟ್ ಹತ್ರ ಬಿಡೋವಾಗ ಎಲ್ಲರೂ ತಿರುಗಿ ನೋಡ್ತಾರೆ. ಜೋರಾಗಿ ಒತ್ತಿದರೆ ಶಬ್ದ ಇಲ್ಲ. ಇನ್ನೊಂದು, ಹೈವೇಲಿ 80ರಲ್ಲಿ ಬ್ರೇಕ್ ಹಿಡಿದರೆ ಸ್ಟೀರಿಂಗ್ ಸಣ್ಣಗೆ ನಡುಗುತ್ತೆ. ಮೊದಲು ಹೀಗಿರಲಿಲ್ಲ. ಪ್ಯಾಡ್ ಕಂಪನಿ ಬದಲಾಯಿಸಬೇಕಾ? ಅಪ್ಪ ಅಮ್ಮನ್ನ ಕೂರಿಸಿಕೊಂಡು ಓಡಿಸೋ ಗಾಡಿ, ಅದಕ್ಕೇ ಭಯ.

ಏರ್‌ಪೋರ್ಟ್ ಟ್ಯಾಕ್ಸಿ (ಸೋಮವಾರ, ರಾತ್ರಿ 10:15)

ದಿನಾ ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಗೆ ಎರಡು ಟ್ರಿಪ್ ಹೊಡೀತೀನಿ. ಹೊಸ ಪ್ಯಾಡ್ ಹಾಕಿಸಿದ ಮೇಲೆ ಮೊದಲ 200–300 ಕಿ.ಮೀ. ನಾನು ಘಾಟಿ ಬಾಡಿಗೆ ಒಪ್ಪಿಕೊಳ್ಳಲ್ಲ. ನಂದಿ ಅಂದರೂ ಬೇಡ, ತಿರುಪತಿ ಅಂದರೂ ಬೇಡ ಅಂತೀನಿ. ನೀವು ಮೂರನೇ ದಿನಕ್ಕೇ ನಾಲ್ಕು ಜನರನ್ನ ಕೂರಿಸಿಕೊಂಡು ಇಳಿಸಿದ್ದೀರಿ. ಅಲ್ಲೇ ಪ್ಯಾಡ್ ಬೆಂದಿದೆ.

ಹಳೇ ಸ್ಪ್ಯಾನರ್ (ಸೋಮವಾರ, ರಾತ್ರಿ 11:02)

ಮೂವತ್ತು ವರ್ಷದಿಂದ ಇದೇ ಕೆಲಸ ನಂದು. ಕಂಪನಿ ಬದಲಾಯಿಸೋಕೆ ಹೋಗಬೇಡಿ ತಮ್ಮಾ, ಇನ್ನೊಂದು ಸೆಟ್ ತಂದು ಹಾಕಿದರೂ ಇದೇ ಶಬ್ದ ಬರಬಹುದು. ಮೊದಲು ನಾಲ್ಕು ವಿಷಯ ಹೇಳು.

ಹಳೇ ಪ್ಯಾಡ್ ಇಸ್ಕೊಂಡಿದ್ದೀಯಾ, ಅಲ್ಲೇ ಬಿಟ್ಟು ಬಂದ್ಯಾ? ಹೊಸ ಪ್ಯಾಡ್ ಬೆನ್ನಿಗೆ ತೆಳು ತಗಡು, ಅಂದರೆ ಶಿಮ್, ಇದೆಯಾ? ಪ್ಯಾಡ್ ಕೂರೋ ಜಾಗದ ಸ್ಟೀಲ್ ಕ್ಲಿಪ್ ಹೊಸದಾ ಹಳೇದಾ? ಕ್ಯಾಲಿಪರ್, ಅಂದರೆ ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ, ಅದರ ಪಿನ್ನು ಬಿಚ್ಚಿ ಗ್ರೀಸ್ ಹಾಕಿದ್ದು ನೋಡಿದ್ಯಾ?

ಶಬ್ದ ಒಂದು, ನಡುಕ ಇನ್ನೊಂದು. ನಿಂದರಲ್ಲಿ ಎರಡೂ ಒಟ್ಟಿಗೆ ಬಂದಿವೆ, ಎರಡಕ್ಕೂ ಕಾರಣ ಬೇರೆ ಬೇರೆ ಇರಬಹುದು. ಗಾಡಿ ಹತ್ರ ಹೋಗಿ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಡಿಸ್ಕ್ ನೋಡು. ಒಂದೇ ಸಮ ಬೂದಿ ಬಣ್ಣ ಇದೆಯಾ, ಪ್ಯಾಡ್ ಆಕಾರದ ಕಲೆ ಏನಾದರೂ ಇದೆಯಾ, ತಿಳಿಸು.

ಪೇರೇಸಂದ್ರ ಕ್ರಾಸ್ (ಮಂಗಳವಾರ, ಬೆಳಗ್ಗೆ 7:20)

ನಮ್ಮ ಕಡೆ ಜಲ್ಲಿ ಕ್ರಷರ್ ಧೂಳು ಜಾಸ್ತಿ, ಎಲ್ಲರ ಗಾಡೀಲೂ ಬ್ರೇಕ್ ಕೂಗುತ್ತೆ. ನಮ್ಮ ಹುಡುಗ ಡಿಸ್ಕ್ ಅಂಚಿಗೆ ಸ್ವಲ್ಪ ಎಣ್ಣೆ ಸವರಿದ, ಶಬ್ದ ನಿಂತೋಯ್ತು. ನೀವೂ ಟ್ರೈ ಮಾಡಿ.

ಹಳೇ ಸ್ಪ್ಯಾನರ್ (ಮಂಗಳವಾರ, ಬೆಳಗ್ಗೆ 7:31)

ಅಣ್ಣಾ, ದಯವಿಟ್ಟು ಆ ಗಾಡಿ ಇವತ್ತು ರಸ್ತೆಗೆ ತೆಗೀಬೇಡಿ. ಬ್ರೇಕ್ ಹಿಡಿಯೋದು ಉಜ್ಜಾಟದಿಂದ. ಎಣ್ಣೆ ಹೋದರೆ ಉಜ್ಜಾಟಾನೇ ಇರಲ್ಲ, ಶಬ್ದ ಹೋಗಿದ್ದು ಅದಕ್ಕೇ. ಪ್ಯಾಡು ಸ್ಪಂಜಿನ ಥರ, ಎಣ್ಣೆ ಒಳಗೆ ಹೀರಿಕೊಳ್ಳುತ್ತೆ. ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡೀದಿದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತೆ. ಡಿಸ್ಕನ್ನ ಬ್ರೇಕ್ ಕ್ಲೀನರ್ ಹಾಕಿ ತೊಳೆಸಿ, ಪ್ಯಾಡ್ ಎಸೆದು ಹೊಸದು ಹಾಕಿಸಿ. ಎಣ್ಣೆ ಕುಡಿದ ಪ್ಯಾಡನ್ನ ಸುಟ್ಟು, ಉಜ್ಜಿ ಮತ್ತೆ ಹಾಕೋರಿದ್ದಾರೆ. ನಾನು ಯಾವತ್ತೂ ಹಾಕಿಲ್ಲ, ಹಾಕಬೇಡಿ ಅಂತಲೇ ಹೇಳ್ತೀನಿ.

ಗ್ರೀಸ್ ಬಳಸೋ ಜಾಗ ಇದೆ. ಪ್ಯಾಡಿನ ಬೆನ್ನಿಗೆ, ಕ್ಲಿಪ್ಪಲ್ಲಿ ಕೂರೋ ಅದರ ಎರಡು ಕಿವಿಗೆ, ಪಿನ್ನಿಗೆ. ಅದೂ ಬಿಸಿ ತಡೆಯೋ ಸಿಲಿಕಾನ್ ಗ್ರೀಸ್, ಕಡಲೆಕಾಳಿನಷ್ಟು. ಚಕ್ರದ ಬೇರಿಂಗಿಗೆ ಹಾಕೋ ಹಳದಿ ಗ್ರೀಸ್ ಪಿನ್ನಿಗೆ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ನು ಅಲ್ಲೇ ಕಚ್ಚಿಕೊಳ್ಳುತ್ತೆ.

ಪೇರೇಸಂದ್ರ ಕ್ರಾಸ್ (ಮಂಗಳವಾರ, ಬೆಳಗ್ಗೆ 7:50)

ಓದಿ ಕೈ ನಡುಗ್ತು ಸಾರ್. ಅದು ಅಪ್ಪ ಓಡಿಸೋ ಗಾಡಿ. ಕೀ ಇಸ್ಕೊಂಡು ಇಟ್ಟಿದ್ದೀನಿ. ಇವತ್ತೇ ಟೋ ಮಾಡಿಸಿ ಪ್ಯಾಡ್ ಬದಲಾಯಿಸ್ತೀನಿ.

ಗೌರಿಬಿದನೂರು ಅಕ್ಕ (ಮಂಗಳವಾರ, ಮಧ್ಯಾಹ್ನ 1:10)

ನಾನು ಗಾಡಿ ಓಡಿಸೋದು ಕಲಿತಿದ್ದು ನಲವತ್ತು ದಾಟಿದ ಮೇಲೆ. ಆಮೇಲೆ ನನ್ನ ಗಾಡಿ ಪ್ಯಾಡ್ ನಾನೇ ಬದಲಾಯಿಸೋದೂ ಕಲಿತೆ. ಈ "ಸೆಟ್ ಆಗೋದು", ಅಂದರೆ ಪ್ಯಾಡ್ ಕೂರಿಸೋದು, ಏನು ಅಂತ ನನಗೆ ಅರ್ಥ ಆಗಿದ್ದು ದೋಸೆ ಕಾವಲಿಯಿಂದ.

ಡಿಸ್ಕೂ ಬೀಡು ಕಬ್ಬಿಣ, ನಮ್ಮ ಹಳೇ ಕಾವಲೀನೂ ಬೀಡು ಕಬ್ಬಿಣ. ಹೊಸ ಕಾವಲಿ ತಂದ ದಿನಾನೇ ಯಾರಾದರೂ ದೋಸೆ ಹುಯ್ತೀವಾ? ತೊಳೆದು, ಕಾಯಿಸಿ, ಎಣ್ಣೆ ಸವರಿ, ಆರಿಸಿ, ಮತ್ತೆ ಕಾಯಿಸಿ, ನಾಲ್ಕಾರು ಸಲ ಮಾಡಿ ಪಳಗಿಸ್ತೀವಿ. ಮೇಲೆ ಒಂದು ತೆಳು ಪದರ ಕೂರುತ್ತೆ. ಪದರ ಎಲ್ಲಾ ಕಡೆ ಒಂದೇ ಸಮ ಇದ್ದರೆ ದೋಸೆ ಏಳುತ್ತೆ. ಡಿಸ್ಕಿನಲ್ಲೂ ಹಾಗೇ, ಪ್ಯಾಡಿನ ಮಸಾಲೆ ಬಿಸಿಗೆ ಕರಗಿ ಡಿಸ್ಕ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಮೆತ್ತಿಕೊಳ್ಳಬೇಕು. ಆಮೇಲೆ ಪ್ಯಾಡ್ ಆ ಪದರದ ಮೇಲೆ ಹಿಡಿಯುತ್ತೆ, ಬರೀ ಕಬ್ಬಿಣದ ಮೇಲಲ್ಲ.

ಪಳಗದ ಕಾವಲಿ ಮೇಲೆ ಉರಿ ಜೋರಾಗಿಟ್ಟು ಹಿಟ್ಟು ಹುಯ್ದು ಹಾಗೇ ಬಿಟ್ಟರೆ? ಒಂದೇ ಜಾಗದಲ್ಲಿ ಹತ್ತಿಕೊಂಡು ಕರಕಲಾಗುತ್ತೆ. ಬಿಸಿ ಡಿಸ್ಕ್ ಮೇಲೆ ಬ್ರೇಕ್ ಒತ್ತಿಕೊಂಡು ಹತ್ತು ನಿಮಿಷ ನಿಂತಿದ್ದೂ ಅದೇ. ಪ್ಯಾಡ್ ಮುಟ್ಟಿದ ಜಾಗದಲ್ಲಿ ಮಾತ್ರ ದಪ್ಪ ಪದರ ಅಂಟಿದೆ. 80ರಲ್ಲಿ ನಡುಗೋದು ಅದಕ್ಕಿರಬೇಕು ಅನ್ಸುತ್ತೆ.

ಭೌತಶಾಸ್ತ್ರ ಮೇಷ್ಟ್ರು (ಮಂಗಳವಾರ, ಸಂಜೆ 5:45)

ಅಕ್ಕನವರ ಕಾವಲಿ ಉದಾಹರಣೆಯನ್ನು ನಾಳೆ ನನ್ನ ಪಿಯು ಮಕ್ಕಳಿಗೆ ಹೇಳುತ್ತೇನೆ. ನಾನು ಒಂದು ಲೆಕ್ಕ ಸೇರಿಸುತ್ತೇನೆ.

ಪ್ಯಾಡ್ ಕೂರಿಸಲು 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸುವುದನ್ನು ಹತ್ತು ಸಲ ಮಾಡಿ ಎನ್ನುವುದು ರೂಢಿ. 1,200 ಕೆ.ಜಿ. ತೂಕದ ಕಾರನ್ನು 50ರಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 116 ಕಿಲೋಜೂಲ್ ಶಕ್ತಿ ಬಿಸಿಯಾಗಿ ಬದಲಾಗುತ್ತದೆ. ನಂದಿ ಬೆಟ್ಟದ ಎತ್ತರ 1,478 ಮೀಟರ್. ತಪ್ಪಲಿಗೆ ಬರುವಷ್ಟರಲ್ಲಿ ಸುಮಾರು 500 ಮೀಟರ್ ಇಳಿದಿರುತ್ತೀರಿ. ಅದೇ ಕಾರು 500 ಮೀಟರ್ ಇಳಿದರೆ ಕಳೆಯಬೇಕಾದ ಶಕ್ತಿ ಸುಮಾರು 5,900 ಕಿಲೋಜೂಲ್. ಅಂದರೆ 50ರಿಂದ ಐವತ್ತು ಸಲ ಗಾಡಿ ನಿಲ್ಲಿಸಿದಷ್ಟು ಬಿಸಿ, ನಡುವೆ ಆರಲು ಬಿಡುವೇ ಇಲ್ಲದೆ. ಗಾಳಿ, ಟೈರು ಸ್ವಲ್ಪ ತಿನ್ನುತ್ತವೆ. ಎರಡನೇ ಗೇರಿನಲ್ಲಿ ಇಳಿದಿದ್ದರೆ ಇಂಜಿನ್ ದೊಡ್ಡ ಪಾಲು ಹೊರುತ್ತಿತ್ತು. ಮೂರನೇ ಗೇರಿನಲ್ಲಿ ಹೊರೆಯ ಬಹುಪಾಲು ಬ್ರೇಕಿನ ಮೇಲೆ, ಅದರಲ್ಲೂ ಮುಂದಿನ ಎರಡು ಡಿಸ್ಕಿನ ಮೇಲೆ ಬಿದ್ದಿದೆ.

ಶಬ್ದದ ವಿಷಯ. ಕಪ್ಪು ಹಲಗೆಯ ಮೇಲೆ ಉದ್ದನೆಯ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದರೆ ಕೀರುತ್ತದೆ. ಅಂಟುತ್ತದೆ, ಜಾರುತ್ತದೆ, ಅಂಟುತ್ತದೆ, ಜಾರುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಅದೇ ಸೀಮೆಸುಣ್ಣವನ್ನು ಅರ್ಧಕ್ಕೆ ಮುರಿದು ಓರೆ ಹಿಡಿದು ಬರೆಯಿರಿ, ಶಬ್ದ ನಿಲ್ಲುತ್ತದೆ. ಮೂವತ್ತೆರಡು ವರ್ಷ ಅದನ್ನೇ ಮಾಡಿದ್ದೇನೆ. ಬ್ರೇಕಿನಲ್ಲಿ ಪ್ಯಾಡು ಸೀಮೆಸುಣ್ಣ, ಡಿಸ್ಕು ಹಲಗೆ. ಡಿಸ್ಕು ಗಂಟೆಯ ಹಾಗೆ ಮೊಳಗುವ ಲೋಹವಾದ್ದರಿಂದ ಶಬ್ದವನ್ನು ಊರಿಗೆಲ್ಲ ಸಾರುತ್ತದೆ. ಪ್ಯಾಡಿನ ಅಂಚು ಓರೆ ಮಾಡುವುದು, ಬೆನ್ನಿಗೆ ಶಿಮ್ ಇಡುವುದು, ಗ್ರೀಸ್ ಸವರುವುದು, ಎಲ್ಲವೂ ಆ ನಡುಕ ಹುಟ್ಟದಂತೆ ಅಥವಾ ಹರಡದಂತೆ ಮಾಡಲಿಕ್ಕೆ.

ಶಿಡ್ಲಘಟ್ಟ ರೋಡ್ (ಮಂಗಳವಾರ, ರಾತ್ರಿ 8:55)

ಟಾರ್ಚ್ ಬಿಟ್ಟು ನೋಡಿದೆ. ಎಡಗಡೆ ಡಿಸ್ಕಲ್ಲಿ ಒಂದು ಕಡೆ ನೀಲಿ ಬೆರೆತ ಕಪ್ಪು ಕಲೆ, ಅಂಚು ಗೆರೆ ಎಳೆದ ಹಾಗೆ, ಥೇಟ್ ಪ್ಯಾಡ್ ಆಕಾರ. ಬಲಗಡೆ ಇಷ್ಟು ಇಲ್ಲ.

ಹಳೇ ಪ್ಯಾಡ್ ಡಿಕ್ಕೀಲಿ ಪ್ಲಾಸ್ಟಿಕ್ ಕವರಲ್ಲಿತ್ತು. ತೆಗೆದು ಸ್ಕೇಲ್ ಇಟ್ಟೆ. ಬಲಗಡೆ ಎರಡೂ ಹೆಚ್ಚುಕಮ್ಮಿ 4 ಎಂಎಂ. ಎಡಗಡೆ ಹೊರಗಿಂದು 6, ಒಳಗಿಂದು 2. ಒಂದೇ ಚಕ್ರದ ಎರಡು ಪ್ಯಾಡು ಹೀಗೆ ಸವೀಬಹುದಾ?

ಹಳೇ ಸ್ಪ್ಯಾನರ್ (ಮಂಗಳವಾರ, ರಾತ್ರಿ 9:20)

ಸವೀಬಾರದು. ಅದಕ್ಕೇ ಹಳೇ ಪ್ಯಾಡ್ ಕೇಳಿದ್ದು.

ನಿಮ್ಮ ಗಾಡಿ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರೋದು. ಪಿಸ್ಟನ್ ಒಳಗಡೆ ಮಾತ್ರ ಇರುತ್ತೆ. ಅದು ಒಳಗಿನ ಪ್ಯಾಡನ್ನ ಒತ್ತಿದಾಗ ಕ್ಯಾಲಿಪರ್ ಪೂರ್ತಿ ಜಾರಿ ಹೊರಗಿನ ಪ್ಯಾಡನ್ನೂ ಎಳ್ಕೋಬೇಕು. ಪಿನ್ನು ಕಚ್ಚಿಕೊಂಡಿದ್ದರೆ ಒಳಗಿನ ಪ್ಯಾಡೇ ಎಲ್ಲಾ ಕೆಲಸ ಮಾಡುತ್ತೆ, ಕಾಲು ತೆಗೆದ ಮೇಲೂ ಡಿಸ್ಕ್ ಬಿಡಲ್ಲ. ನಿನ್ನ ಎಡಗಡೆ ಪಿನ್ನು ಮೊದಲಿಂದಲೂ ಕಚ್ಚಿತ್ತು. ಅದನ್ನ ನೋಡದೇ ಹೊಸ ಪ್ಯಾಡ್ ತುರುಕಿದ್ದಾರೆ. ಕಲೆ ಎಡಗಡೆ ಜಾಸ್ತಿ ಇರೋದಕ್ಕೂ ಅದೇ ಕಾರಣ. ನಂದಿ ಇಳಿಸಿದ್ದು ನಿನ್ನ ತಪ್ಪು ಅಂತ ಒಬ್ಬನೇ ಹೊರಬೇಡ.

ಈ ಕೆಲಸ ನಿಂತು ನೋಡಿ ಮಾಡಿಸು. ಪಿನ್ನು ಹೊರಗೆ ಎಳೆದು, ತುಕ್ಕಿದ್ದರೆ ಉಜ್ಜಿ, ಗುಳಿ ಬಿದ್ದಿದ್ದರೆ ಹೊಸದು. ಪಿನ್ನು ಮುಚ್ಚೋ ರಬ್ಬರ್ ಬೂಟ್ ಹರಿದಿದ್ದರೆ ಅದೂ ಹೊಸದು. ಕ್ಲಿಪ್ ಕಿತ್ತು ಕೆಳಗಿನ ತುಕ್ಕನ್ನ ವೈರ್ ಬ್ರಶ್ಶಲ್ಲಿ ಉಜ್ಜಬೇಕು. ಅಲ್ಲಿ ತುಕ್ಕು ಉಬ್ಬಿ ಪ್ಯಾಡನ್ನ ಬಿಗಿ ಹಿಡಿದಿರುತ್ತೆ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸರಿದಾಡಬೇಕು, ಸುತ್ತಿಗೆ ಕೇಳಬಾರದು.

ಹೊಸ ಪ್ಯಾಡಿನ ಮುಖ ಸ್ಲೇಟಿನ ಥರ ಹೊಳೀತಿದ್ದರೆ ಬಿಸಿಗೆ ಗಾಜಾಗಿದೆ ಅಂತ. ಗಾಜಿನ ತುಂಡಿನ ಮೇಲೆ 120ರ ಎಮರಿ ಪೇಪರ್ ಇಟ್ಟು, ನೀರು ಹಾಕಿ, ಎಂಟರ ಆಕಾರದಲ್ಲಿ ಹೊಳಪು ಹೋಗೋವರೆಗೆ ಉಜ್ಜಿ. ಮಾಸ್ಕ್ ಹಾಕ್ಕೊಳ್ಳಿ. ಏರ್ ಹೊಡೆದು ಬ್ರೇಕ್ ಧೂಳು ಹಾರಿಸೋಕೆ ಮಾತ್ರ ಯಾರಿಗೂ ಬಿಡಬೇಡಿ. ನನ್ನ ಜೊತೆ ಕೆಲಸ ಕಲಿತವರು ವರ್ಷಗಟ್ಟಲೆ ಆ ಧೂಳು ಕುಡಿದಿದ್ದಾರೆ. ಆಗಿನ ಲೈನರಲ್ಲಿ ಆಸ್‌ಬೆಸ್ಟಾಸ್ ಇರ್ತಿತ್ತು, ನಮಗೆ ಯಾರೂ ಹೇಳಲಿಲ್ಲ.

ಹೊಸ ಲೈಸೆನ್ಸ್ (ಬುಧವಾರ, ಬೆಳಗ್ಗೆ 8:05)

ನನ್ನ ಗಾಡೀಲಿ ಬೆಳಗ್ಗೆ ಮಾತ್ರ ಶಬ್ದ, ಎರಡು ಮೂರು ಸಲ ಬ್ರೇಕ್ ಹಿಡಿದ ಮೇಲೆ ಹೋಗುತ್ತೆ. ಇದೂ ಬಿಚ್ಚಬೇಕಾ?

ಗೌರಿಬಿದನೂರು ಅಕ್ಕ (ಬುಧವಾರ, ಬೆಳಗ್ಗೆ 8:30)

ಬೇಡ ಪುಟ್ಟಾ. ರಾತ್ರಿ ಮಂಜಿಗೋ ಮಳೆಗೋ ಡಿಸ್ಕ್ ಮೇಲೆ ಕೆಂಪು ತುಕ್ಕು ಕೂತಿರುತ್ತೆ, ಪ್ಯಾಡ್ ಒರೆಸಿಹಾಕುತ್ತೆ. ಆದರೆ ಬ್ರೇಕ್ ಹಿಡೀದೇ ಇದ್ದಾಗಲೂ ಸಣ್ಣಗೆ ಕೀರೋ ಶಬ್ದ ಬರ್ತಾನೇ ಇದ್ದರೆ ತಕ್ಷಣ ತೋರಿಸು. ಕೆಲವು ಪ್ಯಾಡಲ್ಲಿ ಸಣ್ಣ ಸ್ಟೀಲ್ ನಾಲಿಗೆ ಇರುತ್ತೆ, ಪ್ಯಾಡ್ 2–3 ಎಂಎಂಗೆ ಬಂದಾಗ ಡಿಸ್ಕಿಗೆ ತಾಗಿ ಕೂಗೋಕೆ ಅಂತಲೇ ಇಟ್ಟಿರೋದು. ಗರಗರ ಅಂತ ಕಬ್ಬಿಣ ತಿಕ್ಕೋ ಶಬ್ದ ಬಂದರೆ ಅವತ್ತೇ ಗಾಡಿ ನಿಲ್ಲಿಸು.

ಏರ್‌ಪೋರ್ಟ್ ಟ್ಯಾಕ್ಸಿ (ಬುಧವಾರ, ರಾತ್ರಿ 10:40)

ಸ್ಪ್ಯಾನರ್ ಅಣ್ಣಾ, ಒಂದು ಮಾತು ಒಪ್ಪಕ್ಕಾಗ್ತಿಲ್ಲ. ಈ ಹತ್ತು ಸಲ 50ರಿಂದ 10 ಅಂತ ಮೇಷ್ಟ್ರು ಹೇಳಿದ್ದು ರೇಸ್ ಓಡಿಸೋರಿಗೆ ಸರಿ. ನಮ್ಮ ರಸ್ತೇಲಿ ಸುಮ್ಮಸುಮ್ಮನೆ ಬ್ರೇಕ್ ಹಿಡಿದರೆ ಹಿಂದಿನವನು ಬಂದು ಗುದ್ದುತಾನೆ. ನಾನು ಯಾವತ್ತೂ ಹಾಗೆ ಮಾಡಿಲ್ಲ. ಮೆಲ್ಲಗೆ 300 ಕಿ.ಮೀ. ಓಡಿಸ್ತೀನಿ, ನನ್ನ ಬ್ರೇಕ್ ಕೂಗಿಲ್ಲ.

ಹಳೇ ಸ್ಪ್ಯಾನರ್ (ಬುಧವಾರ, ರಾತ್ರಿ 11:15)

ನಿಂದು ತಪ್ಪಲ್ಲ. ಊರೊಳಗೆ ಓಡೋ ಗಾಡಿಗೆ ನಿನ್ನ ದಾರಿ ಸಾಕು. ಕೆಲವು ಪ್ಯಾಡನ್ನ ಫ್ಯಾಕ್ಟರೀಲೇ ಮೇಲ್ಮುಖ ಸುಟ್ಟು ಕಳಿಸ್ತಾರೆ, ಅದಂತೂ ಬೇಗ ಕೂರುತ್ತೆ. ಡಬ್ಬಿ ಮೇಲೆ ಕಂಪನಿ ಏನು ಬರೆದಿದೆಯೋ ಅದೇ ಮೊದಲು, ನನ್ನ ಮಾತು ಆಮೇಲೆ. ಆದರೆ ಒಂದು ಗಮನಿಸು. 300 ಕಿ.ಮೀ. ಪೂರ್ತಿ ಬ್ರೇಕನ್ನ ಬರೀ ಸವರಿಕೊಂಡೇ ಓಡಿಸಿದರೆ ಪದರ ಕೂರೋಷ್ಟು ಬಿಸಿ ಬರಲ್ಲ. ನೀನು ಹೈವೇಲಿ ಟೋಲಿಗೆ, ಸಿಗ್ನಲ್ಲಿಗೆ ದೂರದಿಂದಲೇ ಒಂದೇ ಸಮ ಒತ್ತಿ ಇಳಿಸ್ತೀಯಲ್ಲ, ಗೊತ್ತಿಲ್ಲದೇ ನೀನೂ ಅದನ್ನೇ ಮಾಡ್ತಿದ್ದೀಯ.

ನಮ್ಮ ಶಿಡ್ಲಘಟ್ಟದ ಹುಡುಗನ ವಿಷಯ ಬೇರೆ. ಅವನ ಡಿಸ್ಕಲ್ಲಿ ಪದರ ಆಗಲೇ ಕೆಟ್ಟು ಕೂತಿದೆ. ಅದನ್ನ ಉಜ್ಜಿ, ಒಂದೇ ಸಲಕ್ಕೆ ಸರಿಯಾಗಿ ಮತ್ತೆ ಕೂರಿಸಬೇಕು. ರಸ್ತೆ ಖಾಲಿ ಇರಬೇಕು ಅನ್ನೋದಕ್ಕೆ ನನ್ನದೂ ಒಪ್ಪಿಗೆ. NH ಮೇಲೆ ಮಾತ್ರ ಬೇಡವೇ ಬೇಡ.

ಶಿಡ್ಲಘಟ್ಟ ರೋಡ್ (ಭಾನುವಾರ, ಮಧ್ಯಾಹ್ನ 12:30)

ಶುಕ್ರವಾರ ಭಾವನ ಸ್ನೇಹಿತರ ಶೆಡ್ಡಲ್ಲಿ ಬಿಚ್ಚಿದ್ವಿ. ಸ್ಪ್ಯಾನರ್ ಅಣ್ಣ ಗಾಡಿ ನೋಡದೇ ಹೇಳಿದ್ದೆಲ್ಲ ನಿಜ ಆಯ್ತು.

ಎಡಗಡೆ ಕೆಳಗಿನ ಪಿನ್ನು ಕೈಯಲ್ಲಿ ಅಲ್ಲಾಡಲಿಲ್ಲ. ಪಾನಾ ಹಾಕಿ ತಿರುಗಿಸ್ತಾ ತಿರುಗಿಸ್ತಾ ಎಳೆದಾಗ ಬಂತು. ಬೂಟ್ ಮಡಿಕೇಲಿ ಉಗುರಿನಷ್ಟು ಹರಿದಿತ್ತು, ಒಳಗೆ ನೀರು ಹೋಗಿ ಗ್ರೀಸ್ ಕಾಫಿ ಗಸಿ ಥರ ಆಗಿತ್ತು. ಕ್ಲಿಪ್ ಹಳೇದೇ, ಅದರಡಿ ತುಕ್ಕು ಪದರ ಪದರವಾಗಿ ಏಳ್ತಿತ್ತು. ಒಳಗಿನ ಪ್ಯಾಡಿಗೆ ಶಿಮ್ಮೇ ಇರಲಿಲ್ಲ. ಪ್ಯಾಡ್ ಮುಖ ಕನ್ನಡಿಯಷ್ಟು ಹೊಳೀತಿತ್ತು. ಪಿನ್ನು, ಬೂಟು, ಕ್ಲಿಪ್ಪು ಹೊಸದು ಹಾಕಿ, ಪ್ಯಾಡ್ ಉಜ್ಜಿ, ಡಿಸ್ಕನ್ನೂ ಅಡ್ಡಾದಿಡ್ಡಿ ಎಮರಿ ಹೊಡೆದು ಕ್ಲೀನರಲ್ಲಿ ಒರೆಸಿದ್ವಿ. ಬಟ್ಟೆ ಕಪ್ಪಾಗೋದು ನಿಲ್ಲೋವರೆಗೂ ಒರೆಸಿದ್ವಿ. ಪಿಸ್ಟನ್ ಹಿಂದಕ್ಕೆ ತಳ್ಳೋ ಮುಂಚೆ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ಸುತ್ತ ಬಟ್ಟೆ ಸುತ್ತಿದ್ವಿ, ಪೇಂಟ್ ಮೇಲೆ ಚೆಲ್ಲಬಾರದು ಅಂತ. ಎಲ್ಲಾ ಕೂರಿಸಿದ ಮೇಲೆ ಪೆಡಲ್ ಒತ್ತಿದರೆ ಮೊದಲ ಸಲ ನೆಲಕ್ಕೇ ಹೋಯ್ತು. ಆರೇಳು ಸಲ ಒತ್ತಿದ ಮೇಲೆ ಗಟ್ಟಿಯಾಯ್ತು. ಒತ್ತದೇ ಗಾಡಿ ತೆಗೆದಿದ್ದರೆ ಏನಾಗ್ತಿತ್ತೋ, ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ಇವತ್ತು ಬೆಳಗ್ಗೆ ಐದೂಮುಕ್ಕಾಲಿಗೆ ಚಿಂತಾಮಣಿ ರಸ್ತೇಲಿ ಹೊರಟ್ವಿ. ರೇಷ್ಮೆ ಗೂಡು ತುಂಬ್ಕೊಂಡು ಮಾರ್ಕೆಟ್ಟಿಗೆ ಬರೋ ಗಾಡಿಗಳು ಶುರುವಾಗಿದ್ವು, ಅವು ದಾಟಲಿ ಅಂತ ಕಾದ್ವಿ. ಭಾವ ಪಕ್ಕದಲ್ಲಿ ಕೂತು ಹಿಂದೆ ನೋಡಿ "ಖಾಲಿ" ಅಂದಾಗ ಮಾತ್ರ ಬ್ರೇಕ್. 50ರಿಂದ 10ಕ್ಕೆ, ಒಂದೇ ಒತ್ತಡದಲ್ಲಿ, ನಿಲ್ಲಿಸದೇ. ಮತ್ತೆ ಅರ್ಧ ಕಿಲೋಮೀಟರ್ ಸುಮ್ಮನೆ. ಮೊದಲ ಮೂರು ಸಲ ಬ್ರೇಕ್ ಸ್ವಲ್ಪ ಮರದ ಥರ ಅನ್ನಿಸ್ತು. ಏಳನೇ ಸಲಕ್ಕೆ ವಾಸನೆ ಬಂತು, ಕಾಲಿಗೇ ಗೊತ್ತಾಗೋ ಹಾಗೆ ಹಿಡಿತ ಬದಲಾಯ್ತು. ಹತ್ತು ಮುಗಿಸಿ ಹತ್ತು ಕಿ.ಮೀ. ಬ್ರೇಕ್ ಮುಟ್ಟದೇ ಓಡಿಸಿ ಆರಿಸಿದ್ವಿ. ಮನೆ ಮುಂದೆ ಹ್ಯಾಂಡ್‌ಬ್ರೇಕ್ ಎಳೀದೇ ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲಿಟ್ಟೆ.

ಶಬ್ದ ಪೂರ್ತಿ ಹೋಗಿದೆ. ನಡುಕ ಮುಕ್ಕಾಲು ಪಾಲು ಕಮ್ಮಿ, 90ರಲ್ಲಿ ಇನ್ನೂ ಸ್ವಲ್ಪ ಇದೆ.

ಹಳೇ ಸ್ಪ್ಯಾನರ್ (ಭಾನುವಾರ, ಮಧ್ಯಾಹ್ನ 2:10)

ಬಹಳ ಚೆನ್ನಾಗಿ ಮಾಡಿದ್ದೀರಿ. ಉಳಿದ ನಡುಕಕ್ಕೆ ಡಿಸ್ಕನ್ನ ಹಬ್‌ನಿಂದ, ಅಂದರೆ ಡಿಸ್ಕು, ಚಕ್ರ ಕೂರೋ ನಡುಭಾಗದಿಂದ, ಬಿಚ್ಚಿ ನೋಡಿ. ಹಬ್ ಮುಖದ ಮೇಲೆ ತುಕ್ಕಿನ ಒಂದು ಚೂರು ಉಳಿದಿದ್ದರೂ ಹೊಸ ಡಿಸ್ಕ್ ಓರೆ ಕೂರುತ್ತೆ. ಡಯಲ್ ಗೇಜ್ ಇರೋ ಕಡೆ ಓಲಾಟ ಅಳೆಸಿ, 0.05 ಎಂಎಂ ಒಳಗೆ ಬಂದರೆ ಒಳ್ಳೇದು. ಜಾಸ್ತಿ ಇದ್ದರೆ ಡಿಸ್ಕನ್ನ ಒಂದು ತೂತು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ನಟ್ಟುಗಳನ್ನ ಎದುರುಬದುರು ಬಿಗೀಬೇಕು, ಗನ್ನಲ್ಲಿ ಒಂದೇ ಸಲ ಹೊಡೀಬಾರದು. ಆ ನೀಲಿ ಕಲೆ ಎಷ್ಟು ಉಜ್ಜಿದರೂ ಕೆಲವೇ ದಿನಕ್ಕೆ ಮೇಲೆದ್ದು ಬಂದರೆ ಕಬ್ಬಿಣಾನೇ ಅಲ್ಲಿ ಗಡಸಾಗಿದೆ ಅಂತ. ಆಗ ಡಿಸ್ಕ್ ಬದಲಾಯಿಸದೇ ದಾರಿ ಇಲ್ಲ.

ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?

ಶಿಡ್ಲಘಟ್ಟ ರೋಡ್ (ಭಾನುವಾರ, ಮಧ್ಯಾಹ್ನ 2:25)

ಗೊತ್ತಿಲ್ಲ ಅಣ್ಣ. ಬಿಲ್ಲುಗಳಲ್ಲಿ ಹುಡುಕಿದೆ, ಎಲ್ಲೂ ಇಲ್ಲ.

ಭೌತಶಾಸ್ತ್ರ ಮೇಷ್ಟ್ರು (ಭಾನುವಾರ, ಸಂಜೆ 6:00)

ಹಾಗಾದರೆ ಬೆಟ್ಟ ಹತ್ತುವ ಮೊದಲು ಬದಲಾಯಿಸಿಬಿಡಿ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಬಗೆಯ ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155. ಇಳಿಜಾರಿನಲ್ಲಿ ದ್ರವ ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಆವಿಯಷ್ಟೇ ಕುಗ್ಗುತ್ತದೆ, ಪ್ಯಾಡಿಗೆ ಒತ್ತಡ ಹೋಗುವುದಿಲ್ಲ. ನಿಮ್ಮ ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಿಸಿ.

ಶಿಡ್ಲಘಟ್ಟ ರೋಡ್ (ಎರಡು ವಾರದ ನಂತರ, ಭಾನುವಾರ, ರಾತ್ರಿ 8:15)

ಎಲ್ಲರಿಗೂ ತಿಳಿಸಬೇಕು ಅನ್ನಿಸ್ತು. ಎಡಗಡೆ ಹಬ್ ಮೇಲೆ ನಿಜವಾಗಲೂ ತುಕ್ಕಿನ ದಿಬ್ಬ ಇತ್ತು. ಓಲಾಟ 0.12 ಇದ್ದಿದ್ದು ಉಜ್ಜಿ ಕೂರಿಸಿದ ಮೇಲೆ 0.04ಕ್ಕೆ ಬಂತು. ಬ್ರೇಕ್ ಆಯಿಲ್ ಬದಲಾಯಿಸಿದೆ, ಹಳೇದು ಕಷಾಯದ ಬಣ್ಣಕ್ಕಿತ್ತು. ನೀಲಿ ಕಲೆ ಇನ್ನೂ ವಾಪಸ್ ಬಂದಿಲ್ಲ, ವಾರಕ್ಕೊಂದು ಸಲ ಟಾರ್ಚ್ ಬಿಟ್ಟು ನೋಡ್ತಿದ್ದೀನಿ.

ಇವತ್ತು ಅದೇ ನಾಲ್ಕು ಜನರನ್ನ ಕರ್ಕೊಂಡು ಮತ್ತೆ ನಂದಿಗೆ ಹೋಗಿದ್ದೆ. ಇಳಿಯೋವಾಗ ಎರಡನೇ ಗೇರು, ತಿರುವಿಗೆ ಮುಂಚೆ ಒಂದು ಸಲ ಗಟ್ಟಿಯಾಗಿ ಒತ್ತಿ ಬಿಡೋದು, ಮತ್ತೆ ಆರೋಕೆ ಬಿಡೋದು. ಅಮ್ಮ ಹಿಂದಿನ ಸೀಟಿಂದ "ಯಾಕೋ ಇಂಜಿನ್ ಇಷ್ಟು ಕೂಗ್ತಾ ಇದೆ, ಏನಾದರೂ ಕೆಟ್ಟೋಯ್ತಾ" ಅಂತ ಎರಡು ಸಲ ಕೇಳಿದರು. ಕೆಳಗೆ ಸಮತಟ್ಟು ಜಾಗದಲ್ಲಿ ಪಕ್ಕಕ್ಕೆ ಹಾಕಿ ಎಡಗಡೆ ಚಕ್ರದ ಹತ್ರ ಅಂಗೈ ಹಿಡಿದೆ. ಬೆಚ್ಚಗಿತ್ತು. ವಾಸನೆ ಇರಲಿಲ್ಲ.